ಐದನೇ ವರ್ಷಕ್ಕೂ ಓಡುವ ಲ್ಯಾಪ್‌ಟಾಪ್

ಸಿಇಟಿ ಸೀಟು ಹಂಚಿಕೆಯ ಪಟ್ಟಿ ಹೊರಬಿದ್ದ ವಾರವೇ ಲಗ್ಗೆರೆಯ ಮನೆಗಳಲ್ಲಿ ಇನ್ನೊಂದು ಲೆಕ್ಕಾಚಾರ ಶುರುವಾಗುತ್ತದೆ. ಚೌಡೇಶ್ವರಿನಗರ, ಕೆಂಪೇಗೌಡ ಬಡಾವಣೆಗಳಂಥ ಕಡೆ ಅಪ್ಪ ಪೀಣ್ಯದ ಮಷಿನ್ ಶಾಪಿಗೋ ಅಮ್ಮ ಗಾರ್ಮೆಂಟ್ಸಿಗೋ ಹೋಗುವ ಮನೆಗಳು ಬಹಳ. ಕಾಲೇಜಿನ ಫೀಜು ಕಟ್ಟಿ ಉಳಿದ ದುಡ್ಡಿನಲ್ಲಿ, ಸಾಲದಿದ್ದರೆ ಇಎಂಐ ಮೇಲೆ, ಒಂದು ಲ್ಯಾಪ್‌ಟಾಪ್ ಬರಬೇಕು. ಅದರಲ್ಲಿ ಓದೂ ಆಗಬೇಕು, ಆಟವೂ ಆಗಬೇಕು. ಕೋರ್ಸು ಮುಗಿಯುವುದರೊಳಗೆ ಇನ್ನೊಂದು ಕೊಳ್ಳುವ ಪ್ರಸಂಗ ಬರಬಾರದು ಅನ್ನುವುದು ಹೆತ್ತವರ ಆಸೆ.

ಈ ಆಸೆ ಈಡೇರುವಂಥದ್ದೇ. ಆದರೆ ಅಂಗಡಿಯಲ್ಲಿ ಮಾತು ಶುರುವಾಗುವುದೇ ಗ್ರಾಫಿಕ್ಸ್ ಕಾರ್ಡಿನ ಹೆಸರಿನಿಂದ, ಮುಗಿಯುವುದು ಡಿಸ್ಕೌಂಟಿನಲ್ಲಿ. ಬಾಳಿಕೆಯ ಪ್ರಶ್ನೆ ನಡುವೆ ಎಲ್ಲೋ ಕಳೆದುಹೋಗುತ್ತದೆ. ಪೀಣ್ಯದಲ್ಲಿ ಸಿಎನ್‌ಸಿ ನಡೆಸುವವರನ್ನು ಕೇಳಿ ನೋಡಿ. ಹೊಸ ಮಷಿನ್ ಬರುತ್ತದೆ ಅಂದರೆ ಅವರು ವಿಚಾರಿಸುವುದು ಮೂರು ಸಂಗತಿ: ಇಡೀ ಪಾಳಿ ಲೋಡ್ ಕೊಟ್ಟರೆ ತಡೆಯುತ್ತದಾ, ಬಿಸಿ ಹೊರಹೋಗಲು ಏನು ವ್ಯವಸ್ಥೆ, ಕೆಟ್ಟರೆ ಪಾರ್ಟು ಎಲ್ಲಿ ಸಿಗುತ್ತದೆ. ಆಟಕ್ಕೂ ಓದಿಗೂ ಕೊಳ್ಳುವ ಲ್ಯಾಪ್‌ಟಾಪನ್ನು ಅಳೆಯಲು ಇದಕ್ಕಿಂತ ಒಳ್ಳೆಯ ಅಳತೆಗೋಲು ನನಗೆ ಕಂಡಿಲ್ಲ.

ಮೊದಲು ಕೋರ್ಸು, ಆಮೇಲೆ ಕಾರ್ಡು

ವಿಟಿಯು ಅಡಿಯ ಬಿ.ಇ. ನಾಲ್ಕು ವರ್ಷದ್ದು. ಓದು ಮುಗಿದು ಕೆಲಸದಲ್ಲಿ ನೆಲೆಯೂರಲು ಇನ್ನೊಂದು ವರ್ಷ ಅಂದುಕೊಂಡರೂ ಲೆಕ್ಕ ಹಾಕಬೇಕಾದದ್ದು ಐದು ವರ್ಷಕ್ಕೆ. ಆ ಐದು ವರ್ಷದಲ್ಲಿ ಯಂತ್ರ ಯಾವ ಕೆಲಸ ಮಾಡಬೇಕು ಅನ್ನುವುದನ್ನು ಕೋರ್ಸೇ ಹೇಳುತ್ತದೆ.

ಮೆಕ್ಯಾನಿಕಲ್, ಸಿವಿಲ್ ಹಿಡಿದವರಿಗೆ ಮೊದಲ ವರ್ಷದಲ್ಲೇ ಕಂಪ್ಯೂಟರಿನಲ್ಲಿ ಎಂಜಿನಿಯರಿಂಗ್ ಡ್ರಾಯಿಂಗ್ ಬರುತ್ತದೆ. ರಾಜಾಜಿನಗರ ಕೈಗಾರಿಕಾ ವಸಾಹತಿನ ಜಿಟಿಟಿಸಿಯಂಥ ಕಡೆ ಟೂಲ್ ಅಂಡ್ ಡೈ ಕಲಿಯುವವರಿಗೂ ಕ್ಯಾಡ್–ಕ್ಯಾಮ್ ದಿನದ ಊಟ. ಆಟೋಕ್ಯಾಡ್ ವಿದ್ಯಾರ್ಥಿಗಳಿಗೆ ಪುಕ್ಕಟೆ ಸಿಗುತ್ತದೆ. ಸಾಲಿಡ್‌ವರ್ಕ್ಸ್ ಓಡುವುದು ವಿಂಡೋಸ್ ಮೇಲೆ ಮಾತ್ರ. ಅಂಥವರು ಬ್ಯಾಟರಿ ಚೆನ್ನಾಗಿದೆ ಎಂದು ಮ್ಯಾಕ್‌ಬುಕ್ ಕೊಂಡರೆ ಮೂರನೇ ಸೆಮಿಸ್ಟರಿಗೆ ಪೇಚಾಟ ಶುರು. ಕಂಪ್ಯೂಟರ್ ಸೈನ್ಸಿನ ಕೋಡಿಂಗಿಗೆ ದೊಡ್ಡ ಕಾರ್ಡು ಬೇಕಿಲ್ಲ, ರ‍್ಯಾಮ್ ಬೇಕು. ಮಷಿನ್ ಲರ್ನಿಂಗ್ ಕಡೆ ಒಲವಿದ್ದರೆ ಎನ್‌ವಿಡಿಯಾ ಕಾರ್ಡು ಕೈಹಿಡಿಯುತ್ತದೆ, ಏಕೆಂದರೆ ಆ ಕ್ಷೇತ್ರದ ಬಹುಪಾಲು ತಂತ್ರಾಂಶ ಅದರ ‘ಕೂಡಾ’ ವ್ಯವಸ್ಥೆಯನ್ನು ನೆಚ್ಚಿಕೊಂಡಿದೆ. ಬಿ.ಕಾಂ., ಬಿ.ಎ. ಓದುತ್ತಾ ಸಂಜೆ ಒಂದಷ್ಟು ಹೊತ್ತು ವ್ಯಾಲೊರಂಟ್ ಆಡುವವರಿಗೆ ಪ್ರೊಸೆಸರಿನ ಒಳಗೇ ಇರುವ ಗ್ರಾಫಿಕ್ಸ್ ಧಾರಾಳ ಸಾಕು. ಅವರು ಗೇಮಿಂಗ್ ಲ್ಯಾಪ್‌ಟಾಪಿನ ಭಾರ ಹೊರುವುದು, ಬಿಲ್ಲು ಕಟ್ಟುವುದು ಎರಡೂ ದಂಡ.

ಆಟ ಅಂದ ಕೂಡಲೇ ಮುಖ ಸಿಂಡರಿಸುವ ಹೆತ್ತವರಿಗೂ ಒಂದು ಮಾತು. ದೇಶದ ಮೊದಮೊದಲ ಗೇಮ್ ಕಂಪನಿಗಳಲ್ಲಿ ಒಂದಾದ ಧ್ರುವ ಇಂಟರ್‌ಆಕ್ಟಿವ್ 1997ರಲ್ಲಿ ಹುಟ್ಟಿದ್ದು ಇದೇ ಬೆಂಗಳೂರಿನಲ್ಲಿ. ಜಿಟಿಎ ಆಟಗಳ ರಾಕ್‌ಸ್ಟಾರ್ ಗೇಮ್ಸ್ 2019ರಲ್ಲಿ ಅದನ್ನು ಕೊಂಡುಕೊಂಡಿತು. ಆನಿಮೇಷನ್ ಮತ್ತು ಗೇಮಿಂಗ್ ಉದ್ಯಮಕ್ಕೆಂದೇ ಕರ್ನಾಟಕ 2012ರಲ್ಲಿ ಪ್ರತ್ಯೇಕ ನೀತಿ ತಂದಿತು. ಮಗಳು ರಾತ್ರಿ ಆಡುವ ಅದೇ ಯಂತ್ರದಲ್ಲಿ ಬೆಳಗ್ಗೆ ಬ್ಲೆಂಡರ್ ಕಲಿತರೆ ಅದೂ ಒಂದು ಕಸುಬಿನ ದಾರಿ.

ಹೆಸರು ಒಂದೇ, ವ್ಯಾಟ್ ಬೇರೆ

ಕೊಳ್ಳುವವರಲ್ಲಿ ಹೆಚ್ಚಿನವರು ಮೋಸಹೋಗುವುದು ಇಲ್ಲಿ. ಲ್ಯಾಪ್‌ಟಾಪಿನ ಆರ್‌ಟಿಎಕ್ಸ್ 4060 ಕಾರ್ಡಿಗೆ ಎನ್‌ವಿಡಿಯಾ ನಿಗದಿ ಮಾಡಿರುವ ವಿದ್ಯುತ್ ಮಿತಿ 35 ವ್ಯಾಟಿನಿಂದ 115 ವ್ಯಾಟಿನವರೆಗೆ. ಯಾವ ಮಾದರಿಗೆ ಎಷ್ಟು ಕೊಡಬೇಕು ಅನ್ನುವುದು ಲ್ಯಾಪ್‌ಟಾಪ್ ತಯಾರಿಸುವ ಕಂಪನಿಗೆ ಬಿಟ್ಟದ್ದು. ತೆಳ್ಳನೆಯ, ಚೆಂದದ ಯಂತ್ರದಲ್ಲಿ ಬಿಸಿ ಹೊರಹಾಕಲು ಜಾಗ ಇರುವುದಿಲ್ಲ, ಹಾಗಾಗಿ ಅಲ್ಲಿ ವ್ಯಾಟ್ ಕಡಿಮೆ. ಪಕ್ಕದ ದಪ್ಪನೆಯದರಲ್ಲಿ ಅದೇ ಹೆಸರಿನ ಕಾರ್ಡು ಪೂರ್ತಿ ಕಸುವಿನಲ್ಲಿ ಓಡುತ್ತದೆ. ವ್ಯಾಟ್ ತೀರಾ ಕಡಿಮೆ ಇರುವ 4060ಗಿಂತ ಪೂರ್ತಿ ವ್ಯಾಟಿನ 4050 ಮುಂದೆ ಹೋಗುವುದೂ ಉಂಟು. ಪೆಟ್ಟಿಗೆಯ ಮೇಲಿನ ಸ್ಟಿಕ್ಕರು ಇದನ್ನು ಹೇಳುವುದಿಲ್ಲ. ಕಂಪನಿಯ ವಿವರಪಟ್ಟಿಯಲ್ಲಿ ಟಿಜಿಪಿ ಎಂಬ ಸಾಲು ಹುಡುಕಿ, ಸಿಗದಿದ್ದರೆ ಅಂಗಡಿಯವರಿಂದ ಹುಡುಕಿಸಿ.

ಇನ್ನೊಂದು ಸಂಖ್ಯೆ ಕಾರ್ಡಿನ ಸ್ವಂತ ಮೆಮೊರಿಯದು. 4050ರಲ್ಲಿ ಇರುವುದು 6 ಜಿಬಿ. 4060ರಲ್ಲಿ 8 ಜಿಬಿ, 2025ರಲ್ಲಿ ಬಂದ 5050 ಮತ್ತು 5060ರಲ್ಲೂ 8 ಜಿಬಿ. ರ‍್ಯಾಮ್ ಆಮೇಲೆ ಹಾಕಿಸಬಹುದು, ಕಾರ್ಡಿನ ಮೆಮೊರಿ ಹಾಕಿಸಲು ಬರುವುದಿಲ್ಲ. ಹೊಸ ಆಟಗಳ ಹಸಿವು ವರ್ಷದಿಂದ ವರ್ಷಕ್ಕೆ ಏರುತ್ತಿರುವಾಗ ಐದು ವರ್ಷದ ಲೆಕ್ಕಕ್ಕೆ 8 ಜಿಬಿ ಇರಲಿ.

ವ್ಯಾಟಿನ ಜೊತೆಗೆ ಬರುವುದು ಬಿಸಿ. ಪ್ರೊಸೆಸರು ನೂರು ಡಿಗ್ರಿಯ ಹತ್ತಿರ ಹೋದಾಗ ತನ್ನನ್ನು ಉಳಿಸಿಕೊಳ್ಳಲು ತಾನೇ ವೇಗ ಇಳಿಸಿಕೊಳ್ಳುತ್ತದೆ. ಆಟ ಆಗ ತಡವರಿಸತೊಡಗುತ್ತದೆ. ದಿನವೂ ಹೀಗೆ ಕಾದು ಆರುತ್ತಿದ್ದರೆ ಬೋರ್ಡಿನ ಮೇಲಿನ ಬೆಸುಗೆಗಳು ದಣಿಯುತ್ತವೆ, ಬ್ಯಾಟರಿ ಬೇಗ ಮುದಿಯಾಗುತ್ತದೆ. ಹಾಗಾಗಿ ಕೊಳ್ಳುವ ಮೊದಲು ಯಂತ್ರವನ್ನು ತಿರುಗಿಸಿ ನೋಡಿ. ತಳದಲ್ಲಿ ಅಗಲವಾದ ಗಾಳಿಕಿಂಡಿ, ಎರಡು ಫ್ಯಾನು, ಬಿಸಿ ಗಾಳಿ ಹಿಂದಿನಿಂದ ಹೊರಹೋಗುವ ದಾರಿ ಇದ್ದರೆ ಅರ್ಧ ಬಾಳಿಕೆ ಅಲ್ಲೇ ಬಂತು.

ಬಿಚ್ಚಲು ಬರಬೇಕು

ಮುಂದಿನ ಪ್ರಶ್ನೆ ರ‍್ಯಾಮಿನದು. ಕೆಲವು ಮಾದರಿಗಳಲ್ಲಿ ಅದನ್ನು ಬೋರ್ಡಿಗೇ ಬೆಸೆದಿರುತ್ತಾರೆ. ಕೊಂಡ ದಿನ ಎಷ್ಟಿತ್ತೋ ಕೊನೆಯವರೆಗೂ ಅಷ್ಟೇ. ಗೇಮಿಂಗ್ ಮಾದರಿಗಳಲ್ಲಿ ಸಾಮಾನ್ಯವಾಗಿ ಎರಡು ಸ್ಲಾಟು ಇರುತ್ತವೆ. ಈಗ 16 ಜಿಬಿ ಸಾಕು, ಮೂರನೇ ವರ್ಷಕ್ಕೆ 32 ಮಾಡಿಕೊಳ್ಳುವ ಅವಕಾಶ ಇರಬೇಕು. ‘ಈಗ 8 ಜಿಬಿ ತಗೊಳ್ಳಿ, ಆಮೇಲೆ ಹಾಕಿಸಿಕೊಳ್ಳಿ’ ಅನ್ನುವ ಸಲಹೆಯನ್ನು ಮಾತ್ರ ಒಪ್ಪಬೇಡಿ. ಕೃತಕ ಬುದ್ಧಿಮತ್ತೆಯ ಡೇಟಾ ಸೆಂಟರುಗಳು ಮೆಮೊರಿ ಚಿಪ್ಪುಗಳನ್ನು ಬಾಚಿಕೊಳ್ಳತೊಡಗಿ 2025ರ ಕೊನೆಯ ತಿಂಗಳುಗಳಲ್ಲಿ ಅವುಗಳ ಬೆಲೆ ಜಗತ್ತಿನೆಲ್ಲೆಡೆ ಜಿಗಿಯಿತು. ‘ಆಮೇಲೆ’ ಅನ್ನುವುದು ಅಗ್ಗವೇ ಆಗಿರುತ್ತದೆ ಎಂಬ ಭರವಸೆ ಇಲ್ಲ.

ಎಸ್‌ಎಸ್‌ಡಿಗೆ ಎರಡನೇ ಸ್ಲಾಟು ಇದೆಯೇ ಎಂದೂ ಕೇಳಿ. ಇಂದಿನ ದೊಡ್ಡ ಆಟಗಳಲ್ಲಿ ಹಲವು ನೂರು ಜಿಬಿ ದಾಟುತ್ತವೆ. 512 ಜಿಬಿಯಲ್ಲಿ ವಿಂಡೋಸ್, ಕ್ಯಾಡ್, ಪ್ರಾಜೆಕ್ಟು ಕೂತ ಮೇಲೆ ಆಟಕ್ಕೆ ಉಳಿಯುವುದು ಕೊಂಚವೇ. ಬ್ಯಾಟರಿಯನ್ನು ಸ್ಕ್ರೂ ಹಾಕಿ ಕೂರಿಸಿದ್ದಾರೋ ಅಂಟಿಸಿದ್ದಾರೋ, ಆ ಮಾದರಿಯ ಫ್ಯಾನು, ಕೀಬೋರ್ಡು, ಹಿಂಜು ಸಾದರ್ ಪತ್ರಪ್ಪ ರಸ್ತೆಯಲ್ಲಿ ಸಿಗುತ್ತವೋ ಇಲ್ಲವೋ, ಇವನ್ನೂ ವಿಚಾರಿಸಬೇಕು. ಎಸ್‌ಪಿ ರೋಡ್ ಎಂದೇ ಕರೆಯುವ ಈ ರಸ್ತೆ ನಮ್ಮೂರಿಗೆ ಒಂದು ದೊಡ್ಡ ಆಸ್ತಿ. ಹೆಚ್ಚು ಮಾರಾಟವಾದ ಮಾದರಿಗೆ ಅಲ್ಲಿ ಪಾರ್ಟು ವರ್ಷಗಟ್ಟಲೆ ಸಿಗುತ್ತದೆ, ಅಪರೂಪದ ಮಾದರಿಗೆ ಮೊದಲ ವರ್ಷವೇ ಅಲೆದಾಟ.

ಫ್ರಾನ್ಸಿನಲ್ಲಿ 2021ರಿಂದ ಲ್ಯಾಪ್‌ಟಾಪ್ ಮಾರುವಾಗ, ರಿಪೇರಿಗೆ ಅದು ಎಷ್ಟು ಸುಲಭ ಎಂದು ಹತ್ತಕ್ಕೆ ಅಂಕ ತೋರಿಸಲೇಬೇಕು. ನಮ್ಮ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರಿನಲ್ಲಿ ‘ರೈಟ್ ಟು ರಿಪೇರ್’ ಪೋರ್ಟಲ್ ತೆರೆದು ರಿಪೇರಿ, ಬಿಡಿಭಾಗ, ವಾರಂಟಿಯ ಮಾಹಿತಿಯನ್ನು ಒಂದೆಡೆ ಸಿಗುವಂತೆ ಮಾಡಲು ಹೊರಟಿತು. ಅಂಥ ಅಂಕ ನಮ್ಮ ಅಂಗಡಿಗಳಲ್ಲೂ ಪೆಟ್ಟಿಗೆಯ ಮೇಲೆ ಕಾಣಬೇಕು. ಎರಡು ವರ್ಷಕ್ಕೇ ಯಂತ್ರ ಮೂಲೆಗೆ ಬಿದ್ದರೆ ಅದರ ನಷ್ಟವನ್ನು ಅತಿ ಹೆಚ್ಚು ಹೊರುವುದು ಕಂತು ಕಟ್ಟುವ ಮನೆಗಳೇ.

ತಂತ್ರಾಂಶಕ್ಕೂ ಆಯಸ್ಸಿದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಇಂಟೆಲ್ಲಿನ ಏಳನೇ ತಲೆಮಾರಿನ ಪ್ರೊಸೆಸರ್ ಇರುವ ಬಹುತೇಕ ಯಂತ್ರಗಳಿಗೆ ವಿಂಡೋಸ್ 11 ಅಧಿಕೃತವಾಗಿ ಸಿಗುವುದಿಲ್ಲ. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಇದನ್ನು ಮೊದಲು ನೋಡಲಿ. ಹಳೆಯ ಯಂತ್ರಕ್ಕೆ ಉಬುಂಟು ಹಾಕಿ ಕೋಡಿಂಗ್ ಮಾಡಬಹುದು, ಆದರೆ ವ್ಯಾಲೊರಂಟ್‌ನಂಥ ಆಟ ಅಲ್ಲಿ ಓಡುವುದಿಲ್ಲ.

ಪ್ಲಗ್ಗು, ಅರ್ಥಿಂಗ್, ಬ್ಯಾಟರಿ

ಮನೆಗೆ ತಂದ ದಿನವೇ ಎದುರಾಗುವ ಒಂದು ತೊಡಕಿದೆ. ಕೆಲವು ಗೇಮಿಂಗ್ ಲ್ಯಾಪ್‌ಟಾಪುಗಳ ದೊಡ್ಡ ಅಡಾಪ್ಟರಿಗೆ 16 ಆಂಪಿಯರಿನ ದಪ್ಪ ಮೂರು ಪಿನ್ನಿನ ಪ್ಲಗ್ಗು ಕೊಟ್ಟಿರುತ್ತಾರೆ. ಬಾಡಿಗೆ ಮನೆಯಲ್ಲಿ ಅಂಥ ಪಾಯಿಂಟು ಇರುವುದು ಗೀಸರಿನ ಹತ್ತಿರ, ಇಲ್ಲವೇ ಅಡುಗೆಮನೆಯಲ್ಲಿ. ಓದುವ ಮೇಜಿನ ಬಳಿ ಇರುವುದು ಸಣ್ಣ ಸಾಕೆಟ್ಟು. 230 ವ್ಯಾಟಿನ ಅಡಾಪ್ಟರ್ ಎಳೆಯುವ ಕರೆಂಟು ಸುಮಾರು ಒಂದು ಆಂಪಿಯರ್ ಅಷ್ಟೇ, ಸಣ್ಣ ಸಾಕೆಟ್ಟು ಅದನ್ನು ಸುಲಭವಾಗಿ ತಡೆಯುತ್ತದೆ. ತೊಂದರೆ ಆಗುವುದು ಮೂರನೇ ಪಿನ್ನನ್ನು ಬಿಟ್ಟು, ಎರಡು ಪಿನ್ನಿನ ಕನ್ವರ್ಟರ್ ಸಿಕ್ಕಿಸಿದಾಗ. ಅರ್ಥಿಂಗ್ ತಪ್ಪಿದರೆ ಲ್ಯಾಪ್‌ಟಾಪಿನ ಲೋಹದ ಮೈ ಮುಟ್ಟಿದಾಗ ಅಂಗೈಗೆ ಜುಮ್ಮೆನ್ನುತ್ತದೆ. ಮನೆಯಲ್ಲಿರುವ ಟೆಸ್ಟರ್ ಇಟ್ಟು ನೋಡಿದರೆ ಅದರ ದೀಪ ಮಂಕಾಗಿ ಹೊತ್ತುವುದೂ ಉಂಟು. ಸಣ್ಣ ಪ್ಲಗ್ಗಿನ, ಅರ್ಥ್ ಪಿನ್ ಇರುವ ಪವರ್ ಕೇಬಲ್ ಕೊಂಡುಕೊಳ್ಳಿ. ಎಲೆಕ್ಟ್ರಿಷಿಯನ್‌ನಿಂದ ಆ ಸಾಕೆಟ್ಟಿನ ಅರ್ಥಿಂಗ್ ನಿಜಕ್ಕೂ ಇದೆಯೇ ಎಂದು ನೋಡಿಸಿ. ಯಂತ್ರದ ಜೊತೆಗೆ ಮಕ್ಕಳ ಜೀವದ ವಿಷಯವೂ ಇದು.

ಬ್ಯಾಟರಿಯ ಮೇಲೆ ಆಟ ಆಡುವ ಆಸೆ ಬೇಡ. 60 ವ್ಯಾಟ್-ಅವರ್ ಬ್ಯಾಟರಿಯಿಂದ 120 ವ್ಯಾಟ್ ಎಳೆದರೆ ಅರ್ಧ ಗಂಟೆಗೆ ಖಾಲಿ. ಕರೆಂಟು ಇರುವಾಗ ಆಟ, ತರಗತಿಯಲ್ಲಿ ಕಾರ್ಡು ಆಫ್ ಮಾಡಿ ನೋಟ್ಸು, ಇದೇ ಸರಿಯಾದ ಹಂಚಿಕೆ. ಟೈಪ್-ಸಿ ಕಿಂಡಿಯಿಂದ ಚಾರ್ಜ್ ಆಗುವ ಮಾದರಿ ಸಿಕ್ಕರೆ ಅದನ್ನೇ ಆರಿಸಿ. ಎರಡು ಕೆ.ಜಿ. ಮೀರಿದ ಲ್ಯಾಪ್‌ಟಾಪಿನ ಜೊತೆ ಇಟ್ಟಿಗೆಯಷ್ಟು ದೊಡ್ಡ ಅಡಾಪ್ಟರನ್ನೂ ಹೊತ್ತು ರಿಂಗ್ ರೋಡಿನ ಬಸ್ಸು ಹತ್ತುವ ಬದಲು 65 ಅಥವಾ 100 ವ್ಯಾಟಿನ ಪುಟ್ಟ ಚಾರ್ಜರು ಬ್ಯಾಗಿನ ಮೂಲೆಯಲ್ಲಿ ಕೂರುತ್ತದೆ. ಮನೆಯಲ್ಲಿ ಸದಾ ಪ್ಲಗ್ಗಿನಲ್ಲೇ ಇಡುವವರು ಸೆಟ್ಟಿಂಗ್ಸಿನಲ್ಲಿ ಚಾರ್ಜನ್ನು 80 ಪರ್ಸೆಂಟಿಗೆ ನಿಲ್ಲಿಸಿಕೊಳ್ಳಬೇಕು. ಲಿಥಿಯಂ ಬ್ಯಾಟರಿಗೆ ಸದಾ ಭರ್ತಿ ಇರುವುದೂ ಬಿಸಿಯೂ ಒಟ್ಟಿಗೆ ಬಂದರೆ ಆಯಸ್ಸು ಕುಗ್ಗುತ್ತದೆ.

ಅಂಗಡಿಯಲ್ಲಿ ಹತ್ತು ನಿಮಿಷ

ಮುಚ್ಚಳವನ್ನು ನಡುವೆ ಹಿಡಿದು ಒಂದೇ ಕೈಯಲ್ಲಿ ಎತ್ತಿ. ಸ್ಕ್ರೀನು ಬಳುಕಿದರೆ, ಮೂಲೆಯಲ್ಲಿ ಕಿರ್ರೆಂದರೆ, ಮೂರನೇ ವರ್ಷಕ್ಕೆ ಹಿಂಜು ಕಿತ್ತು ಬರುವ ಸಾಧ್ಯತೆ ಇದೆ. ಕೀಬೋರ್ಡಿನ ನಡುವೆ ಬೆರಳು ಒತ್ತಿ ನೋಡಿ, ತಗ್ಗಬಾರದು. ಸ್ಕ್ರೀನಿನ ಹೊಳಪು ಕನಿಷ್ಠ 300 ನಿಟ್ಸ್ ಇರಲಿ. ಡಿಸೈನ್, ಆರ್ಕಿಟೆಕ್ಚರ್ ಓದುವವರಿಗೆ ಬಣ್ಣ 100 ಪರ್ಸೆಂಟ್ ಎಸ್‌ಆರ್‌ಜಿಬಿ ಆಗಿರಲೇಬೇಕು. ಪೆಟ್ಟಿಗೆ, ಬಿಲ್ಲು, ಯಂತ್ರದ ತಳ ಮೂರರಲ್ಲೂ ಸೀರಿಯಲ್ ನಂಬರ್ ಒಂದೇ ಇದೆಯೇ ನೋಡಿ. ಜಿಎಸ್‌ಟಿ 18 ಪರ್ಸೆಂಟ್ ಇದೆ ಎಂದು ಬಿಲ್ಲಿಲ್ಲದ ಅಗ್ಗದ ದರಕ್ಕೆ ಮರುಳಾಗಬೇಡಿ. ಬಿಲ್ಲಿಲ್ಲದಿದ್ದರೆ ನಾಳೆ ಸರ್ವಿಸ್ ಸೆಂಟರಿನಲ್ಲೂ ಗ್ರಾಹಕರ ಆಯೋಗದಲ್ಲೂ ನಿಮ್ಮ ಮಾತಿಗೆ ಆಧಾರವಿರುವುದಿಲ್ಲ. ತಕರಾರು ಬಂದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ.

ತಂದ ಮೇಲೆ

ಪೀಣ್ಯದ ಲಾರಿಗಳು ಎಬ್ಬಿಸುವ ಧೂಳು ಲ್ಯಾಪ್‌ಟಾಪನ್ನೂ ಬಿಡುವುದಿಲ್ಲ. ವರ್ಷಕ್ಕೊಮ್ಮೆ ತಳ ಬಿಚ್ಚಿದರೆ ಫ್ಯಾನಿಗೂ ತಾಮ್ರದ ಪಟ್ಟಿಗಳಿಗೂ ನಡುವೆ ಧೂಳು ಕಂಬಳಿಯ ಚೂರಿನಂತೆ ಗಟ್ಟಿಯಾಗಿ ಕೂತಿರುತ್ತದೆ. ಹೊರಗಿನಿಂದ ಊದಿದರೆ ಅದು ಅಲುಗುವುದಿಲ್ಲ. ಪವರ್ ಆಫ್ ಮಾಡಿ, ಬ್ಯಾಟರಿಯ ಕನೆಕ್ಟರ್ ತೆಗೆದು, ಫ್ಯಾನು ತಿರುಗದಂತೆ ಬೆರಳಿನಿಂದ ಹಿಡಿದು, ಮೆತ್ತನೆ ಬ್ರಷ್ಷಿನಿಂದ ಬಿಡಿಸಬೇಕು. ಎರಡು ಮೂರು ವರ್ಷಕ್ಕೆ ಥರ್ಮಲ್ ಪೇಸ್ಟ್ ಬದಲಿಸಬೇಕು. ವಾರಂಟಿ ಇರುವವರೆಗೆ ಇದನ್ನೆಲ್ಲ ಸರ್ವಿಸ್ ಸೆಂಟರಿನಲ್ಲಿ ಮಾಡಿಸಿ. ಹಾಸಿಗೆಯ ಮೇಲಿಟ್ಟು ಆಡುವುದನ್ನು ಮನೆಯಲ್ಲಿ ಖಡಾಖಂಡಿತ ನಿಲ್ಲಿಸಬೇಕು.

ಬ್ಯಾಟರಿ ಉಬ್ಬಿದರೆ ಆ ಕ್ಷಣವೇ ಬಳಕೆ ನಿಲ್ಲಿಸಿ. ಅದನ್ನು ಕಸದ ಗಾಡಿಗೆ ಹಾಕಬೇಡಿ, ಗುಜರಿಯವರಿಗೂ ಕೊಡಬೇಡಿ. ದೇಶದ ಮೊದಲ ಅಧಿಕೃತ ಇ-ತ್ಯಾಜ್ಯ ಘಟಕಗಳಲ್ಲಿ ಒಂದಾದ ಇ-ಪರಿಸರ 2005ರಲ್ಲಿ ಶುರುವಾದದ್ದು ನಮ್ಮದೇ ತುಮಕೂರು ರಸ್ತೆಯ ದಾಬಸ್‌ಪೇಟೆಯಲ್ಲಿ. ಹಳೆಯ ಯಂತ್ರ ಅಂಥ ಅಧಿಕೃತ ಘಟಕಕ್ಕೇ ಸೇರಬೇಕು.

ಕೊನೆಗೆ ದುಡ್ಡಿನ ಲೆಕ್ಕ. ಎಪ್ಪತ್ತು ಸಾವಿರದ ಲ್ಯಾಪ್‌ಟಾಪ್ ಎರಡು ವರ್ಷಕ್ಕೆ ಕೈಕೊಟ್ಟರೆ ವರ್ಷಕ್ಕೆ ಮೂವತ್ತೈದು ಸಾವಿರ ಬಿತ್ತು. ತೊಂಬತ್ತು ಸಾವಿರದ್ದು ಐದು ವರ್ಷ ಬಾಳಿದರೆ ವರ್ಷಕ್ಕೆ ಹದಿನೆಂಟು ಸಾವಿರ. ನಡುವೆ ಬ್ಯಾಟರಿ ಬದಲಿಸಿ, ಇನ್ನೊಂದು ಎಸ್‌ಎಸ್‌ಡಿ ಹಾಕಿಸಿದರೂ ಮೊದಲನೆಯದಕ್ಕಿಂತ ಅಗ್ಗವೇ. ಹಾಗಾಗಿ ಬಜೆಟ್ಟನ್ನೆಲ್ಲ ಕಾರ್ಡಿನ ಮೇಲೆ ಸುರಿಯಬೇಡಿ. ಒಂದು ಮೆಟ್ಟಿಲು ಕೆಳಗಿನ ಕಾರ್ಡು ಆರಿಸಿ, ಅಲ್ಲಿ ಉಳಿದ ದುಡ್ಡಿನಲ್ಲಿ ಮೂರು ವರ್ಷದ ವಾರಂಟಿ ತೆಗೆದುಕೊಳ್ಳಿ, ಮಿಕ್ಕದ್ದನ್ನು ರಿಪೇರಿಗೆಂದು ತೆಗೆದಿಡಿ. ಅಂಗಡಿಗೆ ಹೋಗುವಾಗ ಮಷಿನ್ ಶಾಪಿನಲ್ಲಿ ದುಡಿಯುವ ಅಪ್ಪನನ್ನೋ ಚಿಕ್ಕಪ್ಪನನ್ನೋ ಕರೆದುಕೊಂಡು ಹೋಗಿ. ಆಟದ ಬಗ್ಗೆ ಅವರಿಗೆ ಗೊತ್ತಿಲ್ಲದಿರಬಹುದು, ಆದರೆ ಯಂತ್ರ ಬಾಳುವುದು ಯಾವುದರಿಂದ ಎಂಬುದು ಅವರಿಗೆ ಚೆನ್ನಾಗಿ ಗೊತ್ತು.