ಹೊಗೆ ಯಾಕೆ ಮನೆಯೊಳಗೇ ವಾಪಸ್ ಬರುತ್ತೆ?

ಮಲೆನಾಡಿನಲ್ಲಿ ಬೆಳೆದವರಿಗೆ ಇದು ಹೊಸದಲ್ಲ. ಆಷಾಢದ ಗಾಳಿ ಜೋರಾಗಿದೆ, ಬಚ್ಚಲ ಒಲೆಗೆ ಬೆಂಕಿ ಹಾಕಿದ್ದೀರಿ, ಹೊಗೆ ಮಾತ್ರ ಮೇಲೆ ಹೋಗೋ ಬದಲು ಮುಖಕ್ಕೇ ನುಗ್ಗುತ್ತೆ. ಡಬ್ಲಿನ್‌ನ ದಕ್ಷಿಣಕ್ಕಿರುವ ಲೆಪರ್ಡ್ಸ್‌ಟೌನ್‌ನಲ್ಲೂ ಇದೇ ಕಥೆ. ಆದರೆ ಒಂದು ವ್ಯತ್ಯಾಸ ಇದೆ. ನಮ್ಮ ಹಳೇ ಮನೆಗಳಲ್ಲಿ ಹಂಚಿನ ಸಂದಿಯಿಂದಲೂ ಹೊಗೆ ಹೊರಗೆ ಹೋಗುತ್ತಿತ್ತು. ಇಲ್ಲಿನ ಮನೆಗಳು ಚಳಿಗೆ ಹೆದರಿ ಬಿಗಿಯಾಗಿ ಮುಚ್ಚಿರುತ್ತವೆ. ಹಾಗಾಗಿ ವಾಪಸ್ ಬಂದ ಹೊಗೆ ಬರೀ ಕಿರಿಕಿರಿ ಅಲ್ಲ, ಪ್ರಾಣಕ್ಕೇ ಕುತ್ತು.

ಮೊದಲು ಚಿಮಣಿ ಹೇಗೆ ಕೆಲಸ ಮಾಡುತ್ತೆ ನೋಡೋಣ. ಬಿಸಿ ಗಾಳಿ ಹಗುರ, ತಣ್ಣನೆಯ ಗಾಳಿ ಭಾರ. ಈ ವ್ಯತ್ಯಾಸವೇ ಹೊಗೆಯನ್ನು ಮೇಲಕ್ಕೆ ತಳ್ಳುವ ಶಕ್ತಿ. ಹೊರಗೆ 5 ಡಿಗ್ರಿ ಚಳಿ, 6 ಮೀಟರ್ ಎತ್ತರದ ಚಿಮಣಿಯೊಳಗೆ 200 ಡಿಗ್ರಿ ಬಿಸಿ ಇದ್ದರೆ, ಲೆಕ್ಕದ ಪ್ರಕಾರ ಸಿಗುವ ಒತ್ತಡ ಸುಮಾರು 30 ಪ್ಯಾಸ್ಕಲ್. ಅಂದ್ರೆ 3 ಮಿಲಿಮೀಟರ್ ನೀರಿನ ಪದರದಷ್ಟು, ಅಷ್ಟೇ! ಆಗ ತಾನೇ ಹೊತ್ತಿಸಿದ ಒಲೆಯ ಚಿಮಣಿ 40 ಡಿಗ್ರಿ ಇದ್ದರಂತೂ 8 ಪ್ಯಾಸ್ಕಲ್ ಸಿಕ್ಕರೆ ಹೆಚ್ಚು.

ಈಗ ಗಾಳಿಯ ಬಲ ನೋಡಿ. ಗಂಟೆಗೆ 72 ಕಿಲೋಮೀಟರ್ ವೇಗದ ಗಾಳಿ ನೇರವಾಗಿ ಅಪ್ಪಳಿಸಿದರೆ ಸುಮಾರು 250 ಪ್ಯಾಸ್ಕಲ್ ಒತ್ತಡ. ಅದರ ಎಂಟನೇ ಒಂದು ಪಾಲು ಚಿಮಣಿಯ ಬಾಯಿಗೆ ಕೆಳಮುಖವಾಗಿ ಬಡಿದರೂ ಸಾಕು, ಹೊಗೆ ಸೋಲುತ್ತೆ.

ಹಾಗಂತ ಗಾಳಿ ಯಾವಾಗಲೂ ಶತ್ರು ಅಲ್ಲ. ಚಿಮಣಿಯ ಬಾಯಿಯ ಮೇಲೆ ಅಡ್ಡಲಾಗಿ ಬೀಸಿದರೆ ಹೊಗೆಯನ್ನು ಎಳೆದುಕೊಂಡೇ ಹೋಗುತ್ತೆ. ತೊಂದರೆ ಇರೋದು ಮೇಲಿಂದ ಕೆಳಗೆ ಬೀಳುವ ಗಾಳಿಯಿಂದ. ಲೆಪರ್ಡ್ಸ್‌ಟೌನ್‌ನ ನೈರುತ್ಯಕ್ಕೆ ತ್ರೀ ರಾಕ್ ಬೆಟ್ಟ ಇದೆ. ಐರ್ಲೆಂಡಿನಲ್ಲಿ ಹೆಚ್ಚಾಗಿ ಗಾಳಿ ಬೀಸೋದೂ ನೈರುತ್ಯದಿಂದಲೇ. ಬೆಟ್ಟ ಹತ್ತಿದ ಗಾಳಿ ಈ ಕಡೆಗೆ ಇಳಿಯುವಾಗ ಸುಳಿ ಸುತ್ತುತ್ತೆ. ಮರ, ಎತ್ತರದ ಅಪಾರ್ಟ್‌ಮೆಂಟ್, ಸ್ವಂತ ಮನೆಯ ಮಾಡಿನ ನೆತ್ತಿ, ಇವೂ ಸುಳಿ ಎಬ್ಬಿಸುತ್ತವೆ.

ಪರಿಹಾರ ಏನು? ಚಿಮಣಿಯ ಬಾಯಿ ಮಾಡಿನ ನೆತ್ತಿಗಿಂತ ಕೆಳಗಿದ್ದರೆ ಎತ್ತರಿಸಬೇಕು. ಆದರೆ ಬೆಟ್ಟ ಎಬ್ಬಿಸಿದ ಸುಳಿಯನ್ನು ಒಂದು ಮೀಟರ್ ಎತ್ತರಿಸಿ ದಾಟೋಕೆ ಆಗಲ್ಲ. ಅಲ್ಲಿ ಬೇಕಾಗೋದು ಕೆಳಗಾಳಿ ತಡೆಯುವ ವಿಶೇಷ ಟೋಪಿ. ಮಳೆ ತಡೆಯೋ ಸಾಮಾನ್ಯ ಟೋಪಿಯಿಂದ ಈ ಕೆಲಸ ಆಗಲ್ಲ. ಬಾಡಿಗೆ ಮನೆಯಾದರೆ ಇದನ್ನು ಮಾಲೀಕರಿಗೆ ಹೇಳಿ ಮಾಡಿಸಿ.

ನಮ್ಮ ಕೈಯಲ್ಲೇ ಇರೋ ಕೆಲಸಗಳೂ ಇವೆ. ದೊಡ್ಡ ಕಟ್ಟಿಗೆ ಹಾಕುವ ಮೊದಲು ಕಾಗದ, ಸಣ್ಣ ಚಕ್ಕೆ ಉರಿಸಿ ಚಿಮಣಿ ಬೆಚ್ಚಗೆ ಮಾಡಿ. ಅಡುಗೆಮನೆಯ ಎಕ್ಸಾಸ್ಟ್ ಫ್ಯಾನ್ ಆರಿಸಿ, ಅದು ಮನೆಯ ಗಾಳಿಯನ್ನು ಹೊರಕ್ಕೆಳೆದು ಚಿಮಣಿಯನ್ನು ಉಲ್ಟಾ ಹರಿಸುತ್ತೆ. ಗಾಳಿ ಬರುವ ದಿಕ್ಕಿನ ಕಿಟಕಿ ಸ್ವಲ್ಪ ತೆರೆಯಿರಿ. ಎದುರು ದಿಕ್ಕಿನದ್ದು ತೆರೆದರೆ ತೊಂದರೆ ಹೆಚ್ಚಾಗುತ್ತೆ. ಚಳಿ ಅಂತ ಗೋಡೆಯ ಗಾಳಿಕಿಂಡಿಗೆ ಬಟ್ಟೆ ತುರುಕಲೇಬೇಡಿ. ಕಟ್ಟಿಗೆ ಒಣಗಿರಲಿ; 2022ರ ಅಕ್ಟೋಬರ್ 31ರಂದು ಐರ್ಲೆಂಡಿನಲ್ಲಿ ಸಣ್ಣ ಚೀಲಗಳಲ್ಲಿ ಮಾರುವ ಸೌದೆಯ ತೇವಾಂಶ ಶೇಕಡ 25 ಅಥವಾ ಅದಕ್ಕಿಂತ ಕಡಿಮೆ ಇರಬೇಕೆಂಬ ನಿಯಮವೇ ಜಾರಿಗೆ ಬಂದಿತ್ತು. ವರ್ಷಕ್ಕೊಮ್ಮೆಯಾದರೂ ಚಿಮಣಿ ಗುಡಿಸಿಸಿ.

ಇನ್ನು ಬಹಳ ಮುಖ್ಯವಾದ ಮಾತು. ಹೊಗೆ ಕಣ್ಣಿಗೆ ಕಾಣುತ್ತೆ, ಕಾರ್ಬನ್ ಮೊನಾಕ್ಸೈಡ್ ಕಾಣಲ್ಲ, ವಾಸನೆಯೂ ಇಲ್ಲ. ನಮ್ಮ ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಇದಕ್ಕೆ ಅಂಟಿಕೊಳ್ಳುತ್ತೆ. ಅಪಾಯ ಹೆಚ್ಚಿರೋದು ಜ್ವಾಲೆ ಜೋರಾಗಿದ್ದಾಗ ಅಲ್ಲ, ರಾತ್ರಿ ಮಲಗುವಾಗ ಕೆಂಡ ಮಾತ್ರ ಉಳಿದಿದ್ದಾಗ. ಆಗ ಹೊಗೆ ಇಲ್ಲ, ಚಿಮಣಿ ತಣ್ಣಗಾಗಿ ಎಳೆತವೂ ಕುಗ್ಗಿದೆ, ಆದರೆ ಕೆಂಡ ಈ ಅನಿಲವನ್ನು ಬಿಡುತ್ತಲೇ ಇರುತ್ತೆ. ಆದ್ದರಿಂದ ಒಲೆಯಿಂದ 1ರಿಂದ 3 ಮೀಟರ್ ದೂರದಲ್ಲಿ ಅಲಾರಂ ಇರಲೇಬೇಕು. ಅದು ಕೂಗಿದರೆ, ಅಥವಾ ಮನೆಯವರಿಗೆಲ್ಲ ಒಟ್ಟಿಗೆ ತಲೆನೋವು, ವಾಕರಿಕೆ ಬಂದರೆ, ಮಕ್ಕಳನ್ನು ಎತ್ತಿಕೊಂಡು ಮೊದಲು ಹೊರಗೆ ಬನ್ನಿ. ಆಮೇಲೆ 112ಕ್ಕೆ ಕರೆ ಮಾಡಿ.

ಬಿರುಗಾಳಿಯ ಎಚ್ಚರಿಕೆ ಬಂದ ರಾತ್ರಿ ನಾವು ಮಾಡೋದು ಇಷ್ಟೇ: ಒಲೆ ಹಚ್ಚಲ್ಲ, ಇನ್ನೊಂದು ಕಂಬಳಿ ಹೊದೀತೀವಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ.