ಮೀನಿನ ತೊಟ್ಟಿಯ ಮಬ್ಬು: ನಿದಾನ ಮತ್ತು ಚಿಕಿತ್ಸೆ

ಕಲ್ಯಾಣ, ಡೊಂಬಿವಲಿ, ಠಾಣೆಗಳ ಫ್ಲ್ಯಾಟುಗಳಲ್ಲಿ ಅಂಗಳವಿಲ್ಲ, ಬಾವಿಯಿಲ್ಲ. ಆದರೂ ನಡುಮನೆಯ ಮೂಲೆಯಲ್ಲಿ ಮೀನಿನ ತೊಟ್ಟಿಯೊಂದಕ್ಕೆ ಸ್ಥಳ ದೊರೆಯುವುದುಂಟು. ಮಕ್ಕಳಿಗೆ ಅದು ವಿನೋದ. ದಿನವಿಡೀ ಮನೆಯಲ್ಲೇ ಇರುವ ವೃದ್ಧರಿಗೆ ಮನಸ್ಸಿನ ವಿಶ್ರಾಂತಿ. ಮುಂಬಯಿಯ ಮರೀನ್ ಡ್ರೈವಿನಲ್ಲಿ 1951ರಲ್ಲಿ ಆರಂಭವಾದ ತಾರಾಪೋರ್‌ವಾಲಾ ಮತ್ಸ್ಯಾಲಯದಲ್ಲಿ ಹಲವು ತಲೆಮಾರಿನ ಮಕ್ಕಳು ಗಾಜಿನ ಮೂಲಕ ಮೀನುಗಳನ್ನು ಕಂಡರು. 2015ರ ನವೀಕರಣದಲ್ಲಿ ಅಲ್ಲಿ ಅಕ್ರಿಲಿಕ್ಕಿನ ಸುರಂಗ ಬಂದಿತು. ಮನೆಗಳಲ್ಲಿಯೂ ಈಗ ಅಕ್ರಿಲಿಕ್ ತೊಟ್ಟಿಗಳಿವೆ. ಕೆಲವು ಕಾಲದ ನಂತರ ಅವು ಗೀರುಬಿದ್ದು ಮಂಕಾದಾಗ ಬಿಸಾಡಿಬಿಡುವುದೇ ಹೆಚ್ಚು. ವಾಸ್ತವವಾಗಿ ಅನೇಕ ತೊಟ್ಟಿಗಳನ್ನು ಮನೆಯಲ್ಲಿಯೇ ಸರಿಪಡಿಸಬಹುದು. ಆದರೆ ನಿದಾನವಿಲ್ಲದ ಚಿಕಿತ್ಸೆ ದೇಹಕ್ಕೆ ಹೇಗೋ ತೊಟ್ಟಿಗೂ ಹಾಗೆಯೇ ಅಪಾಯಕರ.

ವಸ್ತುವಿನ ಗುಣ

ಅಕ್ರಿಲಿಕ್ ಎಂಬುದು ಪಾಲಿಮೀಥೈಲ್ ಮೆಥಾಕ್ರಿಲೇಟ್ ಎಂಬ ಪ್ಲಾಸ್ಟಿಕ್. 1930ರ ದಶಕದಲ್ಲಿ ಬಳಕೆಗೆ ಬಂದ ಇದು ಗಾಜಿನ ಅರ್ಧದಷ್ಟೇ ತೂಗುತ್ತದೆ. ಬಿದ್ದ ಬೆಳಕಿನ ಶೇಕಡಾ 92ರಷ್ಟನ್ನು ಹಾಯಗೊಡುತ್ತದೆ. ವೈದ್ಯಶಾಸ್ತ್ರಕ್ಕೂ ಇದು ಹಳೆಯ ಮಿತ್ರ. 1949ರಲ್ಲಿ ಲಂಡನ್ನಿನ ಹೆರಾಲ್ಡ್ ರಿಡ್ಲಿ ಎಂಬ ನೇತ್ರತಜ್ಞರು ಕಣ್ಣಿನೊಳಗೆ ಇರಿಸಿದ ಪ್ರಥಮ ಕೃತಕ ಮಸೂರವು ಇದರದೇ. ಕಟ್ಟಿಸಿಕೊಂಡ ಹಲ್ಲುಗಳ ಗುಲಾಬಿ ವಸಡೂ ಸಾಮಾನ್ಯವಾಗಿ ಇದೇ ವಸ್ತು. ಇದರ ದೋಷವೆಂದರೆ ಮೃದುತ್ವ. ಪಾತ್ರೆ ಉಜ್ಜುವ ನಾರು ಅಥವಾ ಒಂದು ಮರಳಿನ ಕಣ ಸಾಕು, ಗೀರು ಬೀಳುತ್ತದೆ. ಆದರೆ ಆ ಮೃದುತ್ವವೇ ಉಪಕಾರಿಯೂ ಹೌದು. ಗೀರನ್ನು ಉಜ್ಜಿ ತೆಗೆಯಲು ಸಾಧ್ಯವಾಗುವುದು ಅದರಿಂದಲೇ.

ಮಬ್ಬು ಹೇಗೆ ಉಂಟಾಗುತ್ತದೆ?

ನಯವಾದ ಮೈಯ ಮೂಲಕ ಬೆಳಕು ಒಂದೇ ದಿಕ್ಕಿನಲ್ಲಿ ಸಾಗುತ್ತದೆ. ಸಾವಿರಾರು ಸಣ್ಣ ಗೀರುಗಳಿದ್ದರೆ ದಿಕ್ಕುದಿಕ್ಕಿಗೆ ಚದುರುತ್ತದೆ. ಆ ಚದುರಿಕೆಯೇ ಮಬ್ಬು. ಅಕ್ರಿಲಿಕ್ಕಿನ ವಕ್ರೀಭವನಾಂಕ 1.49, ನೀರಿನದು 1.33, ಗಾಳಿಯದು 1.00. ನೀರು ಅಕ್ರಿಲಿಕ್ಕಿಗೆ ಹೆಚ್ಚು ಸಮೀಪದಲ್ಲಿರುವುದರಿಂದ ಒಳಮೈಯ ಗೀರುಗಳು ನೀರು ತುಂಬಿದಾಗ ಬಹುಮಟ್ಟಿಗೆ ಮರೆಯಾಗುತ್ತವೆ. ಹೊರಮೈಯ ಗೀರುಗಳಿಗೆ ಆ ಮರೆಯಿಲ್ಲ.

ಮೊದಲು ನಿದಾನ

ಉಗುರನ್ನು ಗೀರಿನ ಮೇಲೆ ಅಡ್ಡಲಾಗಿ ಎಳೆದು ನೋಡಬೇಕು. ಉಗುರು ತಡೆಯದಿದ್ದರೆ ಗೀರು ಮೇಲ್ಮೈಯದು, ತಡೆದರೆ ಆಳವಾದದ್ದು. ನೀರಿನ ಮಟ್ಟದಲ್ಲಿ ಬಿಳಿಯ ಗೆರೆಯಿದ್ದರೆ ಅದು ಗೀರೇ ಅಲ್ಲ, ಗಡಸು ನೀರು ಬಿಟ್ಟುಹೋದ ಸುಣ್ಣ. ಕೊಳವೆಬಾವಿಯ ನೀರು ಬಳಸುವವರಲ್ಲಿ ಇದು ಸಾಮಾನ್ಯ. ತೊಟ್ಟಿಯನ್ನು ಬರಿದು ಮಾಡಿ, ನೀರು ಬೆರೆಸಿದ ವಿನಿಗರಿನಲ್ಲಿ ಮೆತ್ತನೆಯ ಬಟ್ಟೆಯನ್ನದ್ದಿ ಒರೆಸಿದರೆ ಅದು ಹೋಗುತ್ತದೆ. ಪ್ಲಾಸ್ಟಿಕ್ಕಿನ ಒಡಲಲ್ಲೇ ಜೇಡರ ಬಲೆಯಂಥ ಸೂಕ್ಷ್ಮ ಬಿರುಕುಗಳು ಹೊಳೆಯುತ್ತಿದ್ದರೆ ಮಾತ್ರ ಎಚ್ಚರ ವಹಿಸಬೇಕು. ಸ್ಪಿರಿಟ್, ಥಿನ್ನರ್, ಅಮೋನಿಯಾ ಇರುವ ಗಾಜು ಸ್ವಚ್ಛಗೊಳಿಸುವ ದ್ರಾವಣ, ಇಲ್ಲವೆ ದೀರ್ಘಕಾಲದ ಒತ್ತಡ ಇದಕ್ಕೆ ಕಾರಣ. ಈ ಬಿರುಕು ಪಾಲಿಶಿಗೆ ಮಣಿಯದು. ಅದು ಅಂಟುಹಾಕಿದ ಮೂಲೆಗಳಲ್ಲಿದ್ದರೆ ತೊಟ್ಟಿ ಒಡೆಯುವ ಸಂಭವವಿರುವುದರಿಂದ ಬಳಕೆಯನ್ನು ನಿಲ್ಲಿಸುವುದೇ ಲೇಸು.

ಚಿಕಿತ್ಸೆಯ ಕ್ರಮ

ಮುಳ್ಳನ್ನು ಮುಳ್ಳಿನಿಂದಲೇ ತೆಗೆಯಬೇಕೆಂಬ ಗಾದೆ ಇಲ್ಲಿ ಅಕ್ಷರಶಃ ಸತ್ಯ. ಒಂದು ದೊಡ್ಡ ಗೀರನ್ನು ಅನೇಕ ಸಣ್ಣ ಗೀರುಗಳಾಗಿಯೂ, ಅವನ್ನು ಇನ್ನೂ ಸಣ್ಣವಾಗಿಯೂ ಮಾಡುತ್ತಾ ಹೋಗಿ, ಕೊನೆಗೆ ಬೆಳಕಿಗೂ ತಾಗದಷ್ಟು ಸೂಕ್ಷ್ಮಗೊಳಿಸುವುದೇ ಇದರ ತತ್ತ್ವ. ಹಾರ್ಡ್‌ವೇರ್ ಅಂಗಡಿಗಳಲ್ಲಿ ವಾಟರ್ ಪೇಪರ್ ಎಂಬ ಉಜ್ಜುಕಾಗದ ದೊರೆಯುತ್ತದೆ. ಸಂಖ್ಯೆ ಹೆಚ್ಚಿದಷ್ಟೂ ಕಾಗದ ನಯ. ಆಳವಾದ ಗೀರಿಗೆ 600ರಿಂದ ಆರಂಭಿಸಿ 800, 1000, 1500, 2000 ಎಂದು ಏರಬೇಕು. ಮೇಲ್ಮೈಯ ಗೀರಿಗೆ 1500ರಿಂದ ಆರಂಭಿಸಿದರೆ ಸಾಕು; ಬರಿಯ ಮಬ್ಬಿಗೆ ಅನೇಕ ವೇಳೆ ಪಾಲಿಶ್ ಒಂದೇ ಸಾಕಾಗುತ್ತದೆ.

ಕಾಗದವನ್ನು ಸದಾ ನೀರಿನಿಂದ ತೋಯಿಸುತ್ತಿರಬೇಕು. ಒಣ ಉಜ್ಜುವಿಕೆಯಿಂದ ಪುಡಿ ಶ್ವಾಸಕೋಶವನ್ನು ಸೇರುತ್ತದೆ, ಪ್ಲಾಸ್ಟಿಕ್ಕೂ ಕಾಯುತ್ತದೆ. ಸುಮಾರು 100 ಡಿಗ್ರಿ ಸೆಲ್ಸಿಯಸ್ಸಿನಲ್ಲಿ ಅದು ಮೆತ್ತಗಾಗುವುದರಿಂದ ವೇಗದ ಯಂತ್ರವನ್ನು ಬಳಸದಿರುವುದು ಕ್ಷೇಮ. ಒಂದು ಕಾಗದವನ್ನು ಅಡ್ಡಲಾಗಿ ಉಜ್ಜಿದರೆ ಮುಂದಿನದನ್ನು ಉದ್ದಕ್ಕೆ ಉಜ್ಜಬೇಕು. ಹಿಂದಿನ ಗೀರುಗಳೆಲ್ಲ ಅಳಿದವೇ ಎಂಬುದು ಆಗ ಸ್ಪಷ್ಟವಾಗುತ್ತದೆ. ಕಾಗದ ಬದಲಿಸುವ ಮುನ್ನ ಮೈಯನ್ನು ತೊಳೆಯಬೇಕು. ಒರಟು ಕಣವೊಂದು ಉಳಿದರೂ ಶ್ರಮ ವ್ಯರ್ಥ. ಗೀರಿನ ಜಾಗವನ್ನಷ್ಟೇ ಉಜ್ಜಿದರೆ ತಗ್ಗು ಬಿದ್ದು ಮೀನಿನ ರೂಪ ವಕ್ರವಾಗಿ ಕಾಣುವುದು. ಸುತ್ತಲೂ ವಿಶಾಲವಾಗಿ ಉಜ್ಜಬೇಕು. 2000ದ ನಂತರ ಮೈಯೆಲ್ಲ ಸಮವಾಗಿ ಮಂಕಾಗಿರುತ್ತದೆ. ಗಾಬರಿಪಡಬೇಕಾಗಿಲ್ಲ. ಪ್ಲಾಸ್ಟಿಕ್ಕಿಗೆಂದೇ ತಯಾರಿಸಿದ ಪಾಲಿಶನ್ನು ಮೆತ್ತನೆಯ ಹತ್ತಿಬಟ್ಟೆಯಿಂದ ಉಜ್ಜಿದಂತೆ ಹೊಳಪು ಮರಳುತ್ತದೆ.

ಮೀನುಗಳ ಮತ್ತು ಮನುಷ್ಯರ ಆರೋಗ್ಯ

ಕೆಲಸಕ್ಕೆ ಮೊದಲು ಪಂಪು, ಹೀಟರುಗಳ ವಿದ್ಯುತ್ ಸಂಪರ್ಕವನ್ನು ತಪ್ಪಿಸಬೇಕು. ಒಳಮೈಯನ್ನು ಉಜ್ಜುವುದಾದರೆ ಮೀನುಗಳನ್ನು ತೊಟ್ಟಿಯ ಹಳೆಯ ನೀರಿನೊಡನೆಯೇ ಬೇರೆ ಪಾತ್ರೆಗೆ ಸಾಗಿಸಿ ಗಾಳಿ ಹಾಯಿಸುತ್ತಿರಬೇಕು. ಫಿಲ್ಟರಿನ ಸ್ಪಂಜನ್ನೂ ಆ ನೀರಿನಲ್ಲಿಯೇ ಇಡಬೇಕು. ಮೀನಿನ ವಿಸರ್ಜನೆಯ ಅಮೋನಿಯಾವನ್ನು ನಿರ್ವಿಷಗೊಳಿಸುವ ಸೂಕ್ಷ್ಮಾಣುಗಳು ಅದರಲ್ಲಿ ನೆಲಸಿರುತ್ತವೆ. ನಲ್ಲಿಯ ಕ್ಲೋರಿನ್ ಅವನ್ನು ಕೊಲ್ಲುತ್ತದೆ. ತೊಟ್ಟಿಗೆ ಸಾಬೂನು ಸಲ್ಲದು. ಮೇಣ ಅಥವಾ ಸಿಲಿಕೋನ್ ಬೆರೆತ ಕಾರಿನ ಪಾಲಿಶನ್ನು ಒಳಮೈಗೆ ಬಳಸಲಾಗದು. ಕಡೆಯಲ್ಲಿ ಹಲವು ಸಲ ತೊಳೆದು, ಕ್ಲೋರಿನ್ ತೆಗೆದ ನೀರನ್ನೇ ತುಂಬಬೇಕು.

ಉಜ್ಜುವವರ ಕೈಗೂ ರಕ್ಷಣೆ ಬೇಕು. ಮೀನಿನ ತೊಟ್ಟಿಯ ನೀರಿನಲ್ಲಿ ಮೈಕೊಬ್ಯಾಕ್ಟೀರಿಯಂ ಮರೈನಮ್ ಎಂಬ, ಕ್ಷಯದ ರೋಗಾಣುವಿನ ಬಂಧುವಾದ ಸೂಕ್ಷ್ಮಾಣು ಇರಬಹುದು. ಉಜ್ಜುಕಾಗದದಿಂದ ತರಚಿದ ಚರ್ಮದ ಮೂಲಕ ಅದು ಒಳಹೊಕ್ಕರೆ, ಕೆಲವು ವಾರಗಳ ಅನಂತರ ಬೆರಳಿನಲ್ಲೋ ಮುಂಗೈಯಲ್ಲೋ ಮಾಯದ ಗಂಟುಗಳೇಳುತ್ತವೆ. ತಿಂಗಳುಗಟ್ಟಲೆ ಔಷಧಿ ಬೇಕಾಗಬಹುದು. ಆದುದರಿಂದ ರಬ್ಬರಿನ ಕೈಗವಸು ಅವಶ್ಯ. ಗಾಯವಿದ್ದವರೂ ರೋಗನಿರೋಧಕ ಶಕ್ತಿ ಕುಂದಿದವರೂ ಈ ಕೆಲಸಕ್ಕೆ ಕೈಹಾಕದಿರುವುದು ಒಳಿತು. ಅಂಥ ಗಂಟು ಕಂಡಾಗ ಮನೆಯಲ್ಲಿ ಮೀನಿನ ತೊಟ್ಟಿಯಿದೆ ಎಂಬುದನ್ನು ವೈದ್ಯರಿಗೆ ತಪ್ಪದೆ ತಿಳಿಸಬೇಕು. ಅದೊಂದು ಮಾತಿನಿಂದ ರೋಗನಿರ್ಣಯ ಎಷ್ಟೋ ಸುಲಭವಾಗುತ್ತದೆ.

ಚಿಕಿತ್ಸೆಗಿಂತ ನಿವಾರಣೆಯೇ ಮೇಲು. ಪಾಚಿಯನ್ನು ಮೆತ್ತನೆಯ ಬಟ್ಟೆಯಿಂದಷ್ಟೇ ಒರೆಸಬೇಕು. ಅಯಸ್ಕಾಂತದ ಉಜ್ಜುಗವನ್ನು ತಳದ ಮರಳಿನವರೆಗೆ ಒಯ್ಯಬಾರದು. ಹೊರಗಿನ ಧೂಳನ್ನು ಒದ್ದೆ ಬಟ್ಟೆಯಿಂದಲೇ ತೆಗೆಯಬೇಕು. ಇಷ್ಟು ಜಾಗರೂಕತೆಯಿದ್ದರೆ ತೊಟ್ಟಿ ಬಹುಕಾಲ ತಿಳಿಯಾಗಿ ಉಳಿಯುತ್ತದೆ. ಒಳಗಿನ ಮೀನುಗಳೂ ಹೊರಗಿನ ಮನೆಮಂದಿಯೂ ಸುಖವಾಗಿರುತ್ತಾರೆ.