ನಮ್ಮೂರ ಪಡಖಾನೆ ಇದ್ದ ಜಾಗ

ಹೋದ ತಿಂಗಳು ನಮ್ಮ ಟೀಮಿನ ವಾಟ್ಸ್ಯಾಪ್ ಗ್ರೂಪಿಗೆ ಒಂದು ಫೋಟೋ ಬಂತು. ರಿಲೀಸ್ ಮುಗಿದ ದಿನ ನಾವೆಲ್ಲ ಹೋಗ್ತಿದ್ದ ಬೆಂಗಳೂರಿನ ಹಳೇ ಪಬ್ಬನ್ನ ಜೆಸಿಬಿ ಕೆಡವುತ್ತಿತ್ತು. ಕೆಳಗೆ ಸಾಲು ಸಾಲು ಅಳುವ ಎಮೋಜಿ. ನನ್ನ ಮೊದಲ ಸಂಬಳದ ಪಾರ್ಟಿ ಆಗಿದ್ದೂ ಅಲ್ಲೇ. ಆದ್ರೆ ಫೋಟೋ ನೋಡಿದಾಗ ನನಗೆ ನೆನಪಾಗಿದ್ದು ಬೇರೆಯೇ ಒಂದು ಗೋಡೆ.

ನಮ್ಮೂರು ಎನ್. ಬೇಗೂರು. ಎಚ್.ಡಿ. ಕೋಟೆ ಸೀಮೆ, ಬಂಡೀಪುರ ಕಾಡಿನ ಅಂಚು. ಊರಾಚೆ ರಸ್ತೆ ಪಕ್ಕ ನಾಡಹೆಂಚಿನ ಸಣ್ಣ ಕಟ್ಟಡ ಒಂದಿತ್ತು. ಬೋರ್ಡು ಇರಲಿಲ್ಲ. ನಾವು ಅದನ್ನ ಪಡಖಾನೆ ಅಂತಿದ್ವಿ. ಒಳಗೆ ಸಾರಾಯಿ ಪ್ಯಾಕೆಟ್. ಹೊರಗೆ ಜಗಲಿ ಮೇಲೆ ಅಜ್ಜಿಯೊಬ್ಬರು ಬೇಯಿಸಿದ ಮೊಟ್ಟೆ, ಹುರುಳಿಕಾಳು ಉಸ್ಲಿ ಇಟ್ಕೊಂಡು ಕೂರೋರು.

ಸಂಜೆ ಅಪ್ಪನ್ನ ಅಲ್ಲಿಂದ ಕರ್ಕೊಂಡು ಬರೋದು ನನ್ನ ಕೆಲಸ. ಹೋದ ತಕ್ಷಣ ಯಾರಾದ್ರೂ ಅರ್ಧ ಮೊಟ್ಟೆಗೆ ಉಪ್ಪು ಖಾರ ಹಾಕಿ ಕೈಗೆ ಕೊಡೋರು. ಕೊಡಗಿನ ಕಾಫಿ ತೋಟದ ಕೂಲಿ ಎಷ್ಟಾಯ್ತು, ಕಾಡಿಂದ ಆನೆ ಯಾರ ಹೊಲಕ್ಕೆ ಇಳೀತು, ಹತ್ತಿಗೆ ಏನು ರೇಟು, ಎಲ್ಲಾ ಸುದ್ದಿ ಅಲ್ಲಿ ಸಿಗೋದು. ನನಗೆ ಆ ಜಗಲಿ ಇಷ್ಟ ಆಗ್ತಿತ್ತು. ಇದನ್ನ ಇವತ್ತಿನವರೆಗೂ ಅವ್ವನ ಮುಂದೆ ಹೇಳಿಲ್ಲ. ಯಾಕಂದ್ರೆ ಅದೇ ಜಗಲಿಯಾಚೆ, ಬಟವಾಡೆ ದಿನ, ಸೆರಗು ಬಾಯಿಗೆ ಒತ್ಕೊಂಡು ನಿಲ್ತಿದ್ದ ಹೆಂಗಸರಲ್ಲಿ ಅವ್ವನೂ ಒಬ್ಬಳು. ಅಪ್ಪ ಒಳಗೆ ಹೋಗೋ ಮುಂಚೆ ಅಕ್ಕಿ ದುಡ್ಡು ಕಿತ್ಕೋಬೇಕಿತ್ತು.

ಇದು ನಮ್ಮನೆ ಕಥೆ ಮಾತ್ರ ಅಲ್ಲ. 1992ರಲ್ಲಿ ಆಂಧ್ರದ ನೆಲ್ಲೂರು ಜಿಲ್ಲೆಯ ದೂಬಗುಂಟದ ಹೆಂಗಸರು ಊರಿನ ಸಾರಾಯಿ ಅಂಗಡಿ ಮುಚ್ಚಿಸಿದ್ರು. ಅದು ದೊಡ್ಡ ಚಳವಳಿಯಾಗಿ ಮಾರನೇ ವರ್ಷ ಅಲ್ಲಿ ಸಾರಾಯಿ ನಿಷೇಧ ಆಯ್ತು. ನಮ್ಮ ಕರ್ನಾಟಕದಲ್ಲಿ ಆಗಿದ್ದು 2007ರ ಜುಲೈ 1ಕ್ಕೆ. ಆಗ ಎಚ್.ಡಿ. ಕುಮಾರಸ್ವಾಮಿ ಮುಖ್ಯಮಂತ್ರಿ, ಹಣಕಾಸು ಖಾತೆ ಯಡಿಯೂರಪ್ಪನವರದ್ದು. ಅವತ್ತು ಭಾನುವಾರ, ನನಗೆ 12 ವರ್ಷ. ಪಡಖಾನೆಗೆ ಬೀಗ ಬಿದ್ದಿದ್ದು ನೋಡಿ ಅವ್ವ ಮನೇಲಿ ಪಾಯಸ ಮಾಡಿದ್ಲು.

ಪಾಯಸದ ಖುಷಿ ಜಾಸ್ತಿ ದಿನ ಉಳೀಲಿಲ್ಲ. ಸಾರಾಯಿ ಹೋಯ್ತು, 90 ಎಂಎಲ್ ಟೆಟ್ರಾ ಪ್ಯಾಕಿನಲ್ಲಿ ಅಗ್ಗದ ವಿಸ್ಕಿ ಬಂತು. ಸಿಎಲ್-2 ಲೈಸೆನ್ಸಿನ ವೈನ್ ಸ್ಟೋರಿನಲ್ಲಿ ಕೊಂಡ್ಕೊಂಡು ಹೋಗಬಹುದು ಅಷ್ಟೇ, ಕೂತು ಕುಡಿಯೋ ಹಾಗಿಲ್ಲ. ಅಪ್ಪ ಪ್ಯಾಕೆಟ್ಟನ್ನ ಲುಂಗಿಗೆ ಸಿಕ್ಕಿಸ್ಕೊಂಡು ಹೊಲದ ಬದುವಿಗೆ ಹೋಗೋಕೆ ಶುರು ಮಾಡಿದ್ರು. ಒಬ್ಬರೇ. ಮೊದಲು ಎಲ್ಲಿದ್ದಾರೆ ಅಂತ ಗೊತ್ತಿರ್ತಿತ್ತು. ಜಾಸ್ತಿ ಆದ್ರೆ ‘ಸಾಕು ನಡೀಲಾ’ ಅಂತ ಎಬ್ಬಿಸೋರೂ ಇದ್ರು. ಈಗ ಆನೆ ಇಳಿಯೋ ಹೊತ್ತಲ್ಲಿ ನಾನೂ ಅವ್ವನೂ ಟಾರ್ಚ್ ಹಿಡ್ಕೊಂಡು ಹುಡುಕಬೇಕಿತ್ತು.

ಅಪ್ಪ 2016ರಲ್ಲಿ ತೀರಿಕೊಂಡ್ರು. ಲಿವರ್. ನಾನು ಇಂಜಿನಿಯರಿಂಗ್ ಕೊನೇ ವರ್ಷದಲ್ಲಿದ್ದೆ.

ಪಡಖಾನೆಯ ಹೆಂಚನ್ನ ಯಾರೋ ಕೊಂಡ್ಕೊಂಡು ಹೋದ್ರು. ಗೋಡೆ ಎರಡು ಮಳೆಗಾಲ ನೆಂದು ಕೂತ್ಕೊಂಡ್ತು. ಉಳಿದ ಜಗಲಿಯನ್ನ ರಸ್ತೆ ಅಗಲ ಮಾಡುವಾಗ ಜೆಸಿಬಿ ಒಂದೇ ಸಲಕ್ಕೆ ಎತ್ತಿ ಹಾಕ್ತು. ಅವತ್ತು ಯಾರೂ ಫೋಟೋ ತೆಗೀಲಿಲ್ಲ. ಈಗ ಅಲ್ಲಿ ಬಸ್ಸಿಗೆ ಕಾಯ್ತಾರೆ. ಊರಿಗೆ ಹೋದಾಗ ನಾನೂ ಅಲ್ಲೇ ಇಳಿಯೋದು.

ಲಂಡನ್ನಿನಲ್ಲಿ ಕಾರ್ಲ್‌ಟನ್ ಟಾವೆರ್ನ್ ಅಂತ ಒಂದು ಪಬ್ ಇದೆ. 2015ರಲ್ಲಿ ಅದರ ಮಾಲೀಕರು ಅನುಮತಿ ಇಲ್ಲದೆ ಕೆಡವಿಬಿಟ್ರು. ಸುತ್ತಲಿನ ಜನ ಬಿಡಲಿಲ್ಲ. ಮೊದಲು ಹೇಗಿತ್ತೋ ಹಾಗೇ ಕಟ್ಟಿಕೊಡಿ ಅಂತ ಅಲ್ಲಿನ ಸ್ಥಳೀಯ ಆಡಳಿತ ಆದೇಶ ಮಾಡ್ತು. 2021ರ ಏಪ್ರಿಲ್‌ನಲ್ಲಿ ಮತ್ತೆ ಬಾಗಿಲು ತೆರೀತು.

ಮೊನ್ನೆ ಫೋನಿನಲ್ಲಿ ಈ ಕಥೆ ಅವ್ವನಿಗೆ ಹೇಳಿದೆ. ತಮಾಷೆಗೆ, ‘ನಮ್ಮ ಪಡಖಾನೆನೂ ಹಂಗೇ ವಾಪಸ್ ಕಟ್ಟಿದ್ರೆ?’ ಅಂದೆ. ಬೈತಾಳೆ ಅಂದ್ಕೊಂಡಿದ್ದೆ. ಸ್ವಲ್ಪ ಹೊತ್ತು ಮಾತಾಡಲಿಲ್ಲ.

‘ಕಟ್ಟದು ಬ್ಯಾಡ ಕಣ್ ಮಗ,’ ಅಂದ್ಲು. ‘ಕಟ್ಟಿದ್ರೂವೆ ಆ ಜಗಲಿ ಮಾತ್ರ ಕಟ್ಲಿ. ನಿಮ್ಮಪ್ಪ ಅಲ್ಲಿ ಕುಂತಿದ್ದಾಗ ನಗ್ತಿದ್ದ.’

ಅವ್ವನಿಗೂ ಅದು ಕಾಣಿಸಿತ್ತು. ರಸ್ತೆಯಾಚೆ ನಿಂತು ಅವಳೂ ಆ ನಗು ನೋಡಿದ್ಲು. ಈ ಸಲ ಊರಿಗೆ ಹೋದಾಗ ಅರ್ಧ ಮೊಟ್ಟೆಯ ವಿಷಯ ಹೇಳಬೇಕು ಅಂದ್ಕೊಂಡಿದ್ದೀನಿ.